ಕೈ ಕ್ಲಚ್ಚಿನ ಟ್ರ್ಯಾಕ್ಟರ್

ಗಂಡ ತೀರಿಕೊಂಡ ಮೇಲೆ ಬೇರೆ ಹೆಂಗಸರು ಮಕ್ಕಳು ಮೊಮ್ಮಕ್ಕಳು ಎಂದು ಇರುತ್ತಾರೆ. ಹೊಲಿಗೆ ಕೆಲಸದ ನಮ್ಮಕ್ಕ ಮಾತ್ರ ಹಳೇ ಟ್ರ್ಯಾಕ್ಟರ್ ಹುಡುಕಿಕೊಂಡು ಹೊರಟಳು!

ಅದೂ ಎಂಥವು? ಹೊಲದ ಮುಖವನ್ನೇ ಕಾಣದವು. ಬೇಗನೆ ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯ ಆ ಮಾದರಿ ಬಂದಿದ್ದೇ ಬೆರಳೆಣಿಕೆಯಷ್ಟು. ಒಂದಕ್ಕೆ ಮುಂದೆ ಉರುಳೆ ಕಟ್ಟಿ ರೋಡ್ ರೋಲರ್ ಮಾಡಿದ್ದರು, ಇನ್ನೊಂದಕ್ಕೆ ಕಬ್ಬಿಣದ ಗಾಲಿ ಹಾಕಿ ಹಳಿ ಮೇಲೆ ವ್ಯಾಗನ್ ಎಳೆಸಿದ್ದರು. ಮರದ ಡಿಪೋದಲ್ಲಿದ್ದದ್ದು ಕ್ರೇನ್ ಆಗಿತ್ತು. ಅದನ್ನು ಓಡಿಸುತ್ತಿದ್ದವರು ನಮ್ಮ ಭಾವ. ಅಕ್ಕ ಗುಜರಿ ಅಂಗಡಿಗಳಲ್ಲಿ ಬಗ್ಗಿ ಬಗ್ಗಿ, ಮೇಲಿನ ಬಣ್ಣ ಕೆರೆದು ಅಡಿಯಲ್ಲಿ ಆ ಕಾರ್ಖಾನೆಯ ಬಣ್ಣ ಇದೆಯೇ ಎಂದು ಹುಡುಕುತ್ತಿದ್ದಳು. ಮೆಕ್ಯಾನಿಕ್‌ಗಳು ಅವಳಿಗೆ ಟ್ರ್ಯಾಕ್ಟರಕ್ಕ ಎಂದೇ ಹೆಸರಿಟ್ಟರು. ಜೊತೆಗೆ ಹೋಗಿ ಸೀರೆಗೆಲ್ಲ ಗ್ರೀಸು ಬಳಿದುಕೊಂಡ ನಾನು ಅವಳನ್ನು ಬೈದದ್ದಕ್ಕೆ ಲೆಕ್ಕವಿಲ್ಲ.

ಭಾವನ ಕ್ರೇನ್ ಕೊನೆಗೂ ಸಿಕ್ಕಿತು. ಹಳೇ ಯಂತ್ರಗಳನ್ನು ಕೂಡಿಹಾಕುವ ಸಾಹುಕಾರರೊಬ್ಬರು ಅದನ್ನು ಕೊಂಡು ರಿಪೇರಿಗೆ ಇಳಿದಿದ್ದರು. ಅದರದ್ದೊಂದು ವಿಚಿತ್ರ: ಕ್ಲಚ್ ಪೆಡಲ್ಲಿಗೆ ಉದ್ದನೆಯ ಹಿಡಿಕೆ ಬೆಸೆದು, ಕಾಲಿನ ಬದಲು ಕೈಯಲ್ಲೇ ಕ್ಲಚ್ ಹಿಡಿಯುವಂತೆ ಮಾಡಿದ್ದರು. ಭಾವನ ಅಂಗೈ ತಾಗಿ ತಾಗಿ ನುಣುಪಾದ ಹಿಡಿಕೆ. ಅಕ್ಕ ಅದನ್ನು ಬಿಟ್ಟು ಕದಲಲಿಲ್ಲ.

"ಇದನ್ನ ಕತ್ತರಿಸಿಬಿಡ್ತೀವಮ್ಮಾ," ಎಂದರು ಸಾಹುಕಾರರು. "ಬೇರೆ ಕ್ರೇನುಗಳಿಗೆ ಇಲ್ವಲ್ಲ. ಯಾರೋ ಅಡ್ಡಾದಿಡ್ಡಿ ಅಂಟಿಸಿದ್ದಾರೆ."

"ಮೆಷಿನ್ನಿಗೇ ಬೇಕಿತ್ತು ಸ್ವಾಮಿ. ಹಿಂದಕ್ಕೆ ತಿರುಗಿ ನಿಂತು ದಿಮ್ಮಿ ಎತ್ತಬೇಕಲ್ಲ, ಕಾಲು ಎಟುಕೋದಿಲ್ಲ. ನಮ್ಮ ಮನೆಯವರೇ ಹೇಳ್ತಿದ್ರು." ಈ ಕ್ರೇನಿನ ಬಗ್ಗೆ ಹಿಂದೆ ಒಂದು ಪತ್ರಿಕೆಗೆ ಬರೆದಾಗಲೂ ಅಕ್ಕ ಹಾಗೇ ಬರೆದಿದ್ದಳು.

"ಇದನ್ನ ಮಾಡಿದೋರು ಯಾರಾದ್ರೂ ಹೌದು ಅನ್ಲಿ, ಕತ್ತರಿಸದೆ ಬಿಡ್ತೀನಿ," ಎಂದರು ಸಾಹುಕಾರರು.

ವಿಚಾರಿಸುತ್ತಾ ಹೋದರೆ, ಹಿಡಿಕೆ ಬೆಸೆದಿದ್ದ ಡಿಪೋದ ಫಿಟ್ಟರ್ ಇನ್ನೂ ಬದುಕಿದ್ದರು, ಮಗಳ ಮನೆಯ ಮಹಡಿ ಕೋಣೆಯಲ್ಲಿ. ಅಕ್ಕ ತಾನು ಯಾರ ಹೆಂಡತಿಯೆಂದು ಹೇಳಿ, ಕೊಟ್ಟ ನೀರು ಕುಡಿದು, ಹಿಡಿಕೆ ಮೆಷಿನ್ನಿಗೆ ಬೇಕಿತ್ತಲ್ಲವೇ ಎಂದು ನೆಟ್ಟಗೆ ಕೇಳಿದಳು. ಮುದುಕರು ನಕ್ಕುಬಿಟ್ಟರು.

"ಮೆಷಿನ್ನಿಗೆ ಏನೂ ಬೇಕಿರ್ಲಿಲ್ಲ ತಾಯಿ. ನಿನ್ನ ಯಜಮಾನನಿಗೆ ಬೇಕಿತ್ತು. ದಿಮ್ಮಿ ಬಿದ್ದ ಮೇಲೆ ಎಡಗಾಲಲ್ಲಿ ಶಕ್ತಿ ಎಲ್ಲಿತ್ತು? ಹಲ್ಲು ಕಚ್ಕೊಂಡು ಕ್ಲಚ್ ತುಳೀತಿದ್ದ. ಮಾಲೀಕರು ಕೆಲಸದಿಂದ ತೆಗೆಯೋದು ಅಂತ ಇದ್ರು. ನಾನು ಹೋಗಿ, ಕ್ರೇನಿಗೆ ಕೈ ಕ್ಲಚ್ಚೇ ಸರಿ ಅಂತ ಬುರುಡೆ ಬಿಟ್ಟೆ."

"ನಮ್ಮ ಮನೆಯವರಿಗೆ ಏನಂದ್ರಿ?" ಎಂದಳು ಅಕ್ಕ.

"ಅವನಿಗೂ ಅದೇ ಬುರುಡೆ. ನಿನ್ನ ಕಾಲಿಗೋಸ್ಕರ ಅಂದಿದ್ರೆ ಆ ಹಟಮಾರಿ ಅದನ್ನ ಮುಟ್ತಿದ್ನಾ?"

ಕಾಲು ನೋವೆಂದು ಭಾವ ಒಂದು ದಿನವೂ ಬಾಯಿಬಿಟ್ಟವರಲ್ಲ. ಡಿಪೋ ಮುಚ್ಚುವವರೆಗೂ ಆ ಸೀಟು ಬಿಟ್ಟವರೂ ಅಲ್ಲ. ಅಕ್ಕ ಮುದುಕರ ಎರಡೂ ಕೈ ಹಿಡಿದುಕೊಂಡಳು. "ನಮ್ಮನೆ ಒಲೆ ಉರಿದಿದ್ದು ನಿಮ್ಮಿಂದ ಅಣ್ಣಾ. ಗೊತ್ತೇ ಇರ್ಲಿಲ್ಲ ನನಗೆ," ಎಂದು ಬಿಕ್ಕಿದಳು. ನಾನೂ ಅತ್ತೆ.

"ಅಯ್ಯಯ್ಯೋ, ಒಂದು ರಾಡು ಬೆಸೆದಿದ್ದಕ್ಕೆ ಇಷ್ಟೊಂದಾ!" ಎಂದು ಅವರು ಕೈ ಬಿಡಿಸಿಕೊಳ್ಳಲು ನೋಡಿದರು.

ಬೀದಿಗಿಳಿದ ಮೇಲೆ ನನಗೆ ಹೊಳೆಯಿತು. ಮೆಷಿನ್ನಿಗೆ ಬೇಕಿರಲಿಲ್ಲ ಎಂದರೆ ಹಿಡಿಕೆ ಹೋಯಿತಲ್ಲ!

"ಅಕ್ಕಾ, ಫಿಟ್ಟರು ಹೌದು ಅಂದ್ರು ಅಂತ ಹೇಳಿಬಿಡೇ. ಸಾಹುಕಾರರೇನು ಬಂದು ಕೇಳ್ತಾರಾ?"

"ಬಾಯ್ಮುಚ್ಚು. ಆ ಮನುಷ್ಯ ಮಾಡಿದ್ದನ್ನ ಇಷ್ಟು ವರ್ಷ ಮೆಷಿನ್ನಿನ ಲೆಕ್ಕಕ್ಕೆ ಹಾಕ್ಕೊಂಡು ಬಂದಿದೀನಿ. ಇನ್ನೂ ಹಾಕ್ಲಾ?"

ಅಲ್ಲೇ ನಿಂತು ಫೋನ್ ಮಾಡಿದಳು. ಒಂದನ್ನೂ ಮುಚ್ಚಿಡದೆ ಹೇಳಿದಳು.

"ಒಬ್ಬನ ಹೊಟ್ಟೆಪಾಡು ಉಳಿಸಿದ ಹಿಡಿಕೆ, ಅದು ಇರ್ಲಿ ಅಮ್ಮಾ," ಎಂದರು ಸಾಹುಕಾರರು. "ಕತ್ತರಿಸೋರು ಬಂದು ಕೂತಿದ್ದಾರೆ, ವಾಪಸ್ ಕಳಿಸ್ತೀನಿ. ಆ ಫಿಟ್ಟರನ್ನ ಒಂದ್ಸಲ ಕರ್ಕೊಂಡು ಬನ್ನಿ. ನಾನೂ ನೋಡ್ಬೇಕು."

ಅಕ್ಕ ಫೋನ್ ಕಟ್ ಮಾಡುವುದನ್ನೂ ಮರೆತು ಮತ್ತೆ ಮಹಡಿ ಮೆಟ್ಟಿಲು ಹತ್ತಿದಳು.