ಏಳನೇ ಸುತ್ತಿನ ಸಂದು

ವ್ಯೂಹದ ಸೀರೆ ಹೊಲಿಯುವುದು ನಮ್ಮ ಮನೆಯ ಸೊಸೆಯಂದಿರ ಕೆಲಸ. ನಾನು ಹಿರಿಯವಳು, ಸರುಲಿ ನನ್ನ ವಾರಗಿತ್ತಿ. ರಸ್ತೆ ಕೆಲಸದಲ್ಲಿ ಬಂಡೆ ಉರುಳಿ ಅವಳ ಗಂಡ ಸತ್ತಾಗ ಮಗ ಜಸ್‌ಪಾಲ ಇನ್ನೂ ಮೊಲೆಹಾಲು ಬಿಟ್ಟಿರಲಿಲ್ಲ. ಹುಲ್ಲು ಹೊತ್ತಳು, ಎಮ್ಮೆ ಸಾಕಿದಳು, ಊರವರ ರವಿಕೆ ಹೊಲಿದಳು. ಮಹಾ ಹಟಮಾರಿ. ಒಂದು ಕುಡುಗೋಲಿನ ವಿಷಯಕ್ಕೆ ನನ್ನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದಳು.

ರಾಗಿ ಮನೆ ಸೇರಿದ ಮೇಲೆ ನಮ್ಮ ಗಢವಾಲದ ಊರುಗಳಲ್ಲಿ ಪಾಂಡವರು ಜನರ ಮೈಮೇಲೆ ಬಂದು ಕುಣಿಯುತ್ತಾರೆ. ಕೊನೆಗೆ ಹೊಲದಲ್ಲಿ ಗೂಟ ನೆಟ್ಟು, ಮನೆಮನೆಯ ಸೀರೆ ತಂದು ಏಳು ಸುತ್ತಿನ ವ್ಯೂಹ ಕಟ್ಟುತ್ತೇವೆ. ಅದರೊಳಗೆ ನುಗ್ಗುವ ರಾಜಕುಮಾರನ ಹೆಸರನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಕುವರ ಅನ್ನುತ್ತೇವೆ, ಅಷ್ಟೆ. ಒಳಗೆ ಹೋಗುವುದು ಬಲ್ಲ, ಹೊರಗೆ ಬರುವುದನ್ನು ಕಲಿಯದ ಹುಡುಗ. ಕುವರನಾದವನು ಏಳನೇ ಸುತ್ತಿನಲ್ಲಿ ಬೀಳಬೇಕು, ಬಿಳಿ ಬಟ್ಟೆ ಹೊದ್ದು ಮಲಗಿರಬೇಕು, ಮೂರು ಸಲ ಶಂಖ ಊದಿದ ಮೇಲೆ ಏಳಬೇಕು. ಕ್ರಮ ತಪ್ಪಿದರೆ ಆ ಸಾವು ಅಲ್ಲಿಗೆ ಮುಗಿಯುವುದಿಲ್ಲ, ವರ್ಷದೊಳಗೆ ಅವನನ್ನು ಹುಡುಕಿಕೊಂಡು ಬರುತ್ತದೆ ಅನ್ನುತ್ತಾರೆ. ಹಿಂದಿನ ಸಲದ ಕುವರ, ನಮ್ಮೂರ ಗೈಂದಿಯ ಸೈನಿಕ ಮಗ, ಎರಡನೇ ಶಂಖಕ್ಕೇ ನಗುತ್ತ ಎದ್ದುಬಿಟ್ಟಿದ್ದ. ವರ್ಷ ತುಂಬಲು ಹದಿನೇಳು ದಿನವಿದ್ದಾಗ ಗಡಿಯಿಂದ ಅವನ ಶವದ ಪೆಟ್ಟಿಗೆ ಬಂತು.

ಈ ಸಲ ಡೋಲು ಬಡಿದಾಗ ಕುವರ ಮೈಮೇಲೆ ಬಂದದ್ದು ಜಸ್‌ಪಾಲನಿಗೆ. ಹತ್ತೊಂಬತ್ತು ವರ್ಷ. ಅವನೂ ಸೈನ್ಯಕ್ಕೆ ಆಯ್ಕೆಯಾಗಿ, ವಾರದಲ್ಲಿ ಹೊರಡುವವನು.

ಸೀರೆ ಹೊಲಿಯುವಾಗ ಸರುಲಿ ಕೇಳಿದಳು, "ಅಕ್ಕಾ, ಆ ಕುವರಂಗೆ ಯಾರಾದ್ರೂ ದಾರಿ ಬಿಟ್ಟಿದ್ರೆ ಬದುಕ್ತಿದ್ದ ಅಲ್ವಾ?"

"ಬದುಕಿದ್ರೆ ಕತೇನೇ ಇರ್ತಿರ್ಲಿಲ್ಲ. ಸುಮ್ನೆ ಹೊಲಿ."

"ನಿಂಗೇನಮ್ಮ, ನಿನ್ನ ಮಕ್ಕಳು ಡೆಹರಾಡೂನಲ್ಲಿ ಅಂಗಡಿ ಇಟ್ಕೊಂಡು ಬೆಚ್ಚಗಿದಾರೆ."

ನನಗೆ ಉರಿದುಹೋಯಿತು. ಆಮೇಲೆ ನೋಡಿದರೆ, ಏಳನೇ ಸುತ್ತಿನಿಂದ ಹೊರಗಿನ ಸುತ್ತಿನವರೆಗೂ ಹಿಂಬದಿಯಲ್ಲಿ ನೇರಕ್ಕೆ ಒಂದು ಕಡೆ ಅವಳು ಹೊಲಿಗೆಯನ್ನೇ ಹಾಕದೆ ಸಂದು ಬಿಟ್ಟಿದ್ದಳು. ಅದು ಕಾಣದಂತೆ ಸೀರೆಯ ಮೇಲೆ ಸೀರೆ ಸುಮ್ಮನೆ ಇಳಿಬಿಟ್ಟಿದ್ದಳು. ನಾನು ಕಂಡೆ. ಸಿಟ್ಟಿಗೋ ಕನಿಕರಕ್ಕೋ, ತುಟಿ ಪಿಟಕ್ಕೆನ್ನಲಿಲ್ಲ.

ಮಧ್ಯಾಹ್ನ ಕುವರ ಒಳಗೆ ಹೋದ. ಒಂದೊಂದು ಬಾಗಿಲು ದಾಟಿದಾಗಲೂ ಡೋಲು ಬಿರುಸಾಯಿತು. ಏಳನೆಯದರಲ್ಲಿ ವೀರರು ಅವನನ್ನು ಸುತ್ತುವರಿದರು. ಅಷ್ಟರಲ್ಲಿ ಸರುಲಿ ಹಿಂಬದಿಯ ಸಂದಿನಿಂದ ನುಗ್ಗಿ, ಮಗನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಅವನು ಬೆವರುತ್ತ, ಏದುಸಿರು ಬಿಡುತ್ತ, ಎಲ್ಲರೆದುರು ನಿಂತ.

ಡೋಲು ನಿಂತಿತು. ಬಾರಿಸುವ ಸೋಹನ್ ದಾಸ ಮುದುಕ; ನಡುವೆ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ.

"ಏನ್ ಮಾಡ್ದೆ ತಾಯಿ?" ಅಂದ. "ಅವನೊಬ್ನೇ ಬರ್ಲಿಲ್ಲ. ಅದೂ ಹಿಂದೆ ಬಂತು."

ಗುಂಪಿನಿಂದ ಗೈಂದಿ ಬಂದು ಸರುಲಿಯ ಕೈ ಹಿಡಿದಳು. "ಒಳಗೆ ಕಳ್ಸು ತಂಗಿ. ಇನ್ನೂ ಹೊತ್ತಿದೆ. ನಂಗೆ ಆವತ್ತು ಯಾರೂ ಹೇಳ್ಲಿಲ್ಲ."

ಸರುಲಿ ಮಗನನ್ನು ಅದೇ ಸಂದಿನಿಂದ ಒಳಗೆ ಕರೆದೊಯ್ದಳು. ಸೀರೆಯಾಚೆಯಿಂದ ಮಾತು ಕೇಳಿಸಿತು.

"ಮಲಕ್ಕೋ ಮಗಾ."

"ನೀನೇ ಎಳ್ದೆಯಲ್ಲಮ್ಮಾ!"

"ಮಲಕ್ಕೋ ಅಂದ್ನಲ್ಲ!"

ಬಿಳಿ ಬಟ್ಟೆಯನ್ನು ತಾನೇ ಹೊದಿಸಿ ಬಂದು ಸೂಜಿ ಕೇಳಿದಳು. ನಾನು ಸೀರೆ ಹಿಡಿದುಕೊಂಡೆ, ಅವಳು ಒಂದೊಂದೇ ಸುತ್ತು ಹೊಲಿದು ಮುಚ್ಚಿದಳು. ಶಂಖ ಮೂರು ಸಲ ಮೊಳಗಿತು. ಜಸ್‌ಪಾಲ ಎದ್ದ, ಮನೆಗೆ ಬಂದ, ಹುರುಳಿ ಸಾರಿನಲ್ಲಿ ಹೊಟ್ಟೆ ತುಂಬ ಉಂಡ. ತಾಯಿಯ ಮುಖ ಮಾತ್ರ ನೋಡಲಿಲ್ಲ.

ಹೊರಡುವ ದಿನ ಬಸ್ಸಿನ ಬಳಿ ಅವಳು ಅವನ ರಟ್ಟೆ ಹಿಡಿದುಕೊಂಡೇ ಇದ್ದಳು. ಅವನು ಕೇಳಿದ, "ಹೇಳಮ್ಮಾ, ಈ ಸಲ ಹೋಗ್ಲೋ, ಇರ್ಲೋ? ನೀನು ಹೇಳಿದ್ ಹಾಗೆ ಮಾಡ್ತೀನಿ."

ಅವಳಿಗೆ ಯಾವುದು ಹೇಳಿದರೆ ಮಗ ಉಳಿಯುತ್ತಾನೆಂದು ತಿಳಿಯಲಿಲ್ಲ. ಕೈ ಬಿಟ್ಟಳು. ಅವನು ಹತ್ತಿದ.

ಕ್ರಮ ಸರಿಹೋಯಿತೇ ಎಂದು ಸೋಹನ್ ದಾಸನನ್ನು ಎಷ್ಟೋ ಸಲ ಕೇಳಿದ್ದೇನೆ. ಗೊತ್ತಿಲ್ಲ ದೊಡ್ಡಮ್ಮ, ಅನ್ನುತ್ತಾನೆ. ತರಬೇತಿ ಮುಗಿದ ಮೇಲೆ ಜಸ್‌ಪಾಲನನ್ನು ಗಡಿಗೆ ಹಾಕಿದ್ದಾರೆ; ಪ್ರತಿ ಭಾನುವಾರ ಅಲ್ಲಿಂದ ಫೋನು ಬರುತ್ತದೆ. ನಾನು ಎತ್ತಿ, ಜಸ್‌ಪಾಲನ ದನಿಯೇ ಎಂದು ಖಾತ್ರಿಮಾಡಿಕೊಂಡು, ಆಮೇಲೆ ಸರುಲಿಗೆ ಕೊಡಬೇಕು. ಅವಳಿಗೆ ಧೈರ್ಯವಿಲ್ಲ. ನನಗೂ ಇಲ್ಲ, ಆದರೆ ಆ ಸಂದು ಕಂಡು ಸುಮ್ಮನಿದ್ದವಳು ನಾನು, ಇಷ್ಟಾದರೂ ಮಾಡಬೇಕು.

ವರ್ಷ ತುಂಬಲು ಇನ್ನು ಹನ್ನೊಂದು ದಿನ. ಮೊನ್ನೆ ಭಾನುವಾರ ಫೋನು ಬರಲಿಲ್ಲ. ಅಲ್ಲಿ ಹಿಮ ಬಿದ್ದರೆ ಹಾಗೆಲ್ಲ ಆಗುತ್ತದೆ ಎಂದು ಅವಳಿಗೆ ಹೇಳಿದ್ದೇನೆ.