ಮಗ್ಗ ನಿಂತಾಗ ಹೊರಬಂದ ಬಿಳಿ ಇಲಿಗಳು

ವಿನಾಯಕನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನನ್ನ ಮನೆಗೆ ಬಂದ ಮಗು ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಬಿಡಿಸಿದವರು ಯಾರು ಎಂದು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ತೊಂಬತ್ತೆರಡನೇ ಇಸವಿ. ತೂಬಗೆರೆ ಹತ್ತಿರದ ಹಳ್ಳಿಗೆ ಕೊಟ್ಟಿದ್ದ ನನ್ನ ತಂಗಿ ಕಾಮಾಲೆಯಿಂದ ತೀರಿಕೊಂಡಳು. ಅವಳ ಗಂಡ ಅದಕ್ಕೂ ಮೊದಲೇ ಹೋಗಿದ್ದರು. ಉಳಿದವಳು ಆರು ವರ್ಷದ ಮಗಳು ಪದ್ಮಾ. ನಮಗೆ ಮಕ್ಕಳಿಲ್ಲ, ದೊಡ್ಡಬಳ್ಳಾಪುರದ ನಮ್ಮ ಮನೆಗೇ ಕರೆತಂದೆವು. ಹಳ್ಳಿಯಲ್ಲಿ ಒಂದೇ ಸಮನೆ ಮಾತಾಡುತ್ತಿದ್ದ ಹುಡುಗಿ ಇಲ್ಲಿ ಮೂಲೆ ಸೇರಿದವಳು ತುಟಿ ಎರಡು ಮಾಡಲಿಲ್ಲ.

ಬಸ್ಸು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಗಂಟಲು ನೋಡಿದರು, ಕಿವಿ ನೋಡಿದರು. "ದೋಷ ಏನೂ ಇಲ್ಲಮ್ಮ. ಮಗು ಹೆದರಿದೆ, ಕಾಯಬೇಕು" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ನೇರವಾಗಿ ಬೀದಿ ಕೊನೆಯ ವಿನಾಯಕನ ಗುಡಿಗೆ ಹೋಗಿ ಜಗಳ ಆಡಿದೆ. "ಅಷ್ಟಗಲ ಕಿವಿ ಇಟ್ಕೊಂಡು ನನ್ನ ಮಾತು ಕೇಳಿಸ್ಲಿಲ್ವಾ ನಿಂಗೆ?" ಎಂದೆ. ಪ್ರತಿ ಸಂಕಷ್ಟಿಗೆ ಉಪವಾಸ ಇರುತ್ತೇನೆ, ಮಗು ಬಾಯಿಬಿಟ್ಟರೆ ಕಡುಬು ಮಾಡಿ ತರುತ್ತೇನೆ ಎಂದು ಹರಕೆ ಹೊತ್ತೆ.

ಆ ವಾರವೇ ನನ್ನ ತಮ್ಮ ಬಂದ. ಬೆಂಗಳೂರಿನ ಕಾಲೇಜೊಂದರಲ್ಲಿ ಅಟೆಂಡರು. ಲ್ಯಾಬಿಗೆ ಬೇಡವಾದ ಎರಡು ಬಿಳಿ ಇಲಿಗಳನ್ನು ಪಂಜರದಲ್ಲಿ ತಂದಿದ್ದ. ನೇಕಾರರ ಮನೆಗೆ ಇಲಿ! ನನ್ನ ಯಜಮಾನರು ಕೆಂಡವಾದರು. "ರೇಷ್ಮೆ ಕಡಿಯೋ ಜಾತೀನ ನೀನೇ ಹೊತ್ಕೊಂಡ್ ಬಂದ್ಯೇನೋ?"

ಅಷ್ಟರಲ್ಲಿ ಪದ್ಮಾ ಮೂಲೆಯಿಂದ ಎದ್ದು ಬಂದು ಪಂಜರದ ಮುಂದೆ ಕುಳಿತಳು. ಯಜಮಾನರು ಬೈಯುವುದು ಬಿಟ್ಟು ಮಗ್ಗಕ್ಕೆ ಮರಳಿದರು. ಸ್ವಾಮಿಯ ವಾಹನವೇ ಬಂದಿದೆ ಎಂದು ನನ್ನ ಮೈ ಜುಮ್ಮೆಂದಿತು.

ತಮ್ಮ ಹೇಳಿಕೊಟ್ಟ: "ಅಕ್ಕಾ, ಮೇಲಿಂದ ಕೈ ಹಾಕ್ಬೇಡ, ಹದ್ದು ಬಂತು ಅನ್ಕೊಂತಾವೆ. ಅಂಗೈ ಚಾಚಿ ಕಾಯಿ. ನೀನು ಉಟ್ಟು ಬಿಟ್ಟ ಬಟ್ಟೆ ಒಳಗಿಡು, ವಾಸನೆ ಗುರುತಾಗ್ಲಿ."

ನಾನು ಜಂಬದಿಂದ ಮಗ್ಗದಿಂದ ಇಳಿದ ಹೊಸ ರೇಷ್ಮೆ ತುಂಡು ಹಾಸಿದೆ. ಪಂಜರವನ್ನು ಮಗ್ಗದ ಪಕ್ಕದಲ್ಲೇ ಇಟ್ಟೆ, ನಾವೆಲ್ಲ ಇರುವುದು ಅಲ್ಲೇ ಅಲ್ಲವೇ. ಇಲಿಗಳು ನೀರಿಗೆಂದು ಇಟ್ಟ ಕರಟದ ಹಿಂದೆ ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಬೆಲ್ಲ ಕೊಟ್ಟರೂ ಬರಲಿಲ್ಲ. ಒಂದು ನನ್ನ ಬೆರಳನ್ನೇ ಕಚ್ಚಿತು. "ಭಾನುವಾರ ವಾಪಸ್ ಕಳ್ಸಿಬಿಡೋಣ" ಎಂದರು ಯಜಮಾನರು. ಪದ್ಮಾಳ ಕಣ್ಣು ತುಂಬಿತು. ಇದ್ದ ಒಂದು ಆಸೆಯೂ ಹೋಯಿತಲ್ಲ ಸ್ವಾಮಿ ಎಂದುಕೊಂಡೆ.

ಮಾರನೆಯ ದಿನ ಸಂಕಷ್ಟಿ. ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತವು. ಕರೆಂಟು ಹೋದರೆ ನಮ್ಮ ಬೀದಿಯವರೆಲ್ಲ ಜಗಲಿಗೆ ಬಂದು ಶಾಪ ಹಾಕುವುದು ವಾಡಿಕೆ, ಅದರಲ್ಲಿ ನಾನೇ ಮುಂದು. ಅಂದು ಉಪವಾಸದ ಸುಸ್ತಿಗೆ ಒಳಗೇ ಮಲಗಿದ್ದೆ. ಆಗ ಸಣ್ಣ ದನಿಯೊಂದು ಕೇಳಿಸಿತು.

"ಮಗ್ಗ ನಿಂತೈತೆ. ಬನ್ನಿ, ಹೆದರ್ಕೋಬೇಡಿ."

ಪದ್ಮಾ ಅಂಗೈ ಚಾಚಿದ್ದಳು. ಒಂದು ಇಲಿ ಮೀಸೆ ಅಲುಗಿಸುತ್ತಾ ಬಂದು ಅವಳ ಬೆರಳು ಮೂಸಿತು. ಹುಟ್ಟಿದಾಗಿನಿಂದ ಕೇಳಿ ಕೇಳಿ ನಮಗೆ ಮಗ್ಗದ ಸದ್ದು ಸದ್ದೇ ಅಲ್ಲ. ಹೊಲದ ನಡುವೆ ಬೆಳೆದ ಮಗುವಿಗೆ ಅದು ಹೇಗಿರುತ್ತದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾನು ಹೊರಗೆ ಶಾಪ ಹಾಕುತ್ತಿದ್ದ ಹೊತ್ತಿನಲ್ಲೆಲ್ಲ ಸ್ವಾಮಿ ಒಳಗೆ ಕೃಪೆ ಮಾಡುತ್ತಿದ್ದನೋ ಏನೋ!

ಪಂಜರವನ್ನೂ ಪದ್ಮಾಳ ಹಾಸಿಗೆಯನ್ನೂ ಹಿತ್ತಿಲ ಕೋಣೆಗೆ ಸಾಗಿಸಿದೆ. ಈ ಸಲ ನಾನು ಉಟ್ಟ ಹಳೇ ಸೀರೆಯನ್ನೇ ಹರಿದು, ಅರ್ಧ ಇಲಿಗಳಿಗೆ ಹಾಸಿ ಅರ್ಧ ಅವಳಿಗೆ ಹೊದಿಸಿದೆ. ದೀಪ ಹಚ್ಚುವ ಹೊತ್ತಿಗೆ ಯಜಮಾನರು ದಿನವೂ ತಾವೇ ಮಗ್ಗ ನಿಲ್ಲಿಸತೊಡಗಿದರು. "ಏನಪ್ಪಾ, ಇಲಿಗೆ ಜೋಗುಳ ಹಾಡೋ ಹೊತ್ತಾಯ್ತಾ?" ಎಂದು ಬೀದಿಯವರು ರೇಗಿಸಿದರು. ಯಜಮಾನರು ನಕ್ಕು ಒಳಬರುತ್ತಿದ್ದರು. ಬರಬರುತ್ತಾ ಇಲಿಗಳು ಅಂಗೈಗೆ ಬಂದವು, ಭುಜ ಹತ್ತಿದವು. ಪದ್ಮಾ ನನ್ನ ಮಡಿಲಿಗೆ ಬಂದಳು.

ಹರಕೆಯ ದಿನ ಕಡುಬು ಬೇಯಿಸಿಟ್ಟು, ತಣ್ಣಗಾಗುವವರೆಗೆ ನೂಲು ಸುತ್ತುತ್ತಾ ಕುಳಿತಿದ್ದೆ. ಮಗ್ಗಗಳು ಭರ್ರನೆ ಓಡುತ್ತಿದ್ದವು. ಪದ್ಮಾ ಅವುಗಳ ನಡುವೆಯೇ ಓಡಿಬಂದು ಗಂಟಲು ಹರಿಯುವಂತೆ ಕೂಗಿದಳು.

"ದೊಡ್ಡಮ್ಮಾ! ಇಲಿ ನಿನ್ ಕಡುಬು ತಿಂತಾವೆ!"

ಮಗ್ಗದ ಸದ್ದನ್ನೂ ಮೀರಿಸಿದ ದನಿ. ನಮ್ಮ ಮನೆಯಲ್ಲೇ ಹುಟ್ಟಿದ ಮಗು ಕೂಗಿದ ಹಾಗೆ. "ತಿನ್ಲಿ ಬಿಡೇ!" ಎಂದು ನಾನೂ ಕೂಗಿದೆ.

ಹರಕೆ ವಾಹನಕ್ಕೆ ಸಂದಿತ್ತು, ಸ್ವಾಮಿಗೆ ಇನ್ನೂ ಬಾಕಿ. ಕಣ್ಣೀರು ಹಿಟ್ಟಿಗೆ ಬೀಳದಂತೆ ಸೆರಗಿನಲ್ಲಿ ಒರೆಸಿಕೊಳ್ಳುತ್ತಾ, ನಿನ್ನ ಉಪಕಾರ ಮರೆಯಲಾರೆ ವಿನಾಯಕಾ ಎನ್ನುತ್ತಾ, ಮತ್ತೆ ಕಡುಬು ಮಾಡಲು ಕುಳಿತೆ.