ಸದನ ಹೇಳದೆ ಬಿಟ್ಟ ದೂರ

ಗೋಡೆಯಾಚೆ ಸದನದ ಗಂಟೆ ಬಡಿದುಕೊಳ್ಳತೊಡಗಿತು. ಮತ ಹಾಕಬೇಕಾದ ಸದಸ್ಯರು ದಡದಡನೆ ಒಳಗೋಡಿದರು. ಈಚೆಯ ಕಿರುಕೋಣೆಯಲ್ಲಿ ಕರಡಕ್ಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಕೂದಲು ನರೆಯುವವರೆಗೂ ನಿಯಮಗಳ ಕರಡು ಬರೆದೇ ಆಕೆಗೆ ಆ ಹೆಸರು ಅಂಟಿತ್ತು. ಬಟ್ಟೆಗೆ ಬಣ್ಣ ಹಾಕುವ ಶೆಡ್ಡು ಕುಡಿಯುವ ನೀರಿನ ಬಾವಿಯಿಂದ 'ನಿಗದಿಪಡಿಸಿದ ದೂರದಲ್ಲಿ' ಇರಬೇಕೆಂದು ಸದನ ಕಾಯ್ದೆ ಮಾಡಿತ್ತು. ಎಷ್ಟು ದೂರ? ಅದನ್ನು ಸದನ ಮಂತ್ರಿಗೆ ಬಿಟ್ಟಿತು, ಮಂತ್ರಿ ಇಲಾಖೆಗೆ, ಇಲಾಖೆ ಕರಡಕ್ಕನಿಗೆ. ಅದರಲ್ಲಿ ತಪ್ಪೇನಿಲ್ಲ. ಯಾವ ಬಣ್ಣ ಯಾವ ಮಣ್ಣಿನಲ್ಲಿ ಎಷ್ಟು ಇಳಿಯುತ್ತದೆಂದು ನೂರಾರು ಮಂದಿ ವಾದಿಸುತ್ತ ಕೂತರೆ ಅಷ್ಟರಲ್ಲಿ ಬಾವಿಯೇ ಬತ್ತೀತು. ನಾಳೆ ಹೊಸ ಬಣ್ಣ ಬಂದರೂ ಕಾಯ್ದೆಗೆ ಕೈ ಹಾಕಬೇಕಿಲ್ಲ, ನಿಯಮ ತಿದ್ದಿದರಾಯಿತು. ಆಮೇಲೆ ಸದನದ ಮುಂದಿಡಬೇಕು. ಬೇಡವೆನಿಸಿದರೆ ಸದಸ್ಯರು ಅದನ್ನು ರದ್ದು ಮಾಡಬಹುದು. ಹಾಗೆ ಮಾಡಿದ್ದನ್ನು ಮಾತ್ರ ಆಕೆ ಕಂಡಿರಲಿಲ್ಲ.

ಎದುರಿಗೆ ತಮ್ಮ ಕೂತಿದ್ದ, ಉಗುರಿನ ಸಂದಿಯಲ್ಲೆಲ್ಲ ನೀಲಿ. ಹಿತ್ತಲ ಬಣ್ಣದ ಶೆಡ್ಡೇ ಅವನ ಅನ್ನ.

"ಬಾವಿಯಿಂದ ಐವತ್ತು ಮೀಟರು ಅಂತ ಬರ್ದಿದೀಯಲ್ಲ! ನನ್ನ ಹಿತ್ತಲೇ ಅಷ್ಟಿಲ್ಲ ಕಣಕ್ಕಾ. ಶೆಡ್ಡನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?"

"ಕರಡನ್ನ ಗೆಜೆಟ್‌ನಲ್ಲಿ ಹಾಕಿ ಆಕ್ಷೇಪ ಕೇಳಿದಾಗ ಎಲ್ಲಿ ಹೋಗಿದ್ದೆ?"

"ಗೆಜೆಟ್ ಓದ್ತಾ ಬಟ್ಟೆ ಅದ್ದೋಕಾಗುತ್ತಾ? ಐವತ್ತು ಅಂತ ಯಾವ ಪುಣ್ಯಾತ್ಮ ಅಳೆದಿದ್ದು?"

ಯಾರೂ ಅಳೆದಿರಲಿಲ್ಲ. ಚರ್ಮ ಹದಮಾಡುವ ಶೆಡ್ಡುಗಳ ಹಳೆಯ ನಿಯಮ ಎದುರಿಗಿಟ್ಟುಕೊಂಡು ಕರಡಕ್ಕ 'ಚರ್ಮ' ಇದ್ದಲ್ಲಿ 'ಬಣ್ಣ' ಎಂದಷ್ಟೇ ಬರೆದು, ಐವತ್ತನ್ನು ಹಾಗೇ ಬಿಟ್ಟಿದ್ದಳು. ಒಮ್ಮೆ ತಕರಾರಿಲ್ಲದೆ ದಾಟಿದ ಅಂಕಿಯನ್ನು ಇಲಾಖೆಯಲ್ಲಿ ಯಾರೂ ಮತ್ತೆ ಮುಟ್ಟುತ್ತಿರಲಿಲ್ಲ.

"ಯಾರೂ ಅಳೆದಿಲ್ಲ ಕಣೋ."

ತಮ್ಮನ ಮುಖ ಅರಳಿತು. "ಹಂಗಾದ್ರೆ ಇಪ್ಪತ್ತು ಅಂತ ಗೀಚು. ಒಡಹುಟ್ಟಿದವನಿಗೆ ಇಷ್ಟೂ ಮಾಡ್ಬಾರ್ದಾ?"

"ಇಪ್ಪತ್ತನ್ನ ಯಾರು ಅಳೆದ್ರು? ಪಕ್ಕದ ಮನೆ ಕೂಸು ಕುಡಿಯೋದು ಅದೇ ಬಾವಿ ನೀರು."

ಕರಡು ಮಂತ್ರಿಯ ಮೇಜಿನ ಮೇಲಿತ್ತು, ಸಂಜೆಯೊಳಗೆ ಸಹಿ. ಹಿಂದಕ್ಕೆ ತರಿಸಿದರೆ ತಮ್ಮನಿಗೋಸ್ಕರವೆಂದು ಕಚೇರಿ ಆಡಿಕೊಳ್ಳುತ್ತದೆ. ಸುಮ್ಮನಿದ್ದರೆ ಸುಳ್ಳು ಅಂಕಿಯೊಂದು ಅವನ ಬಾಗಿಲಿಗೆ ಬೀಗ ಜಡಿಯುತ್ತದೆ. ಆಕೆ ಎದ್ದಳು, ಕೂತಳು, ಮತ್ತೆ ಎದ್ದಳು.

"ಸಹಿ ಆಗೋಕೆ ಮುಂಚೆ ತಡೀತೀನಿ. ನಕಲು ಹೊಡೆದಿದ್ದು ನಾನೇ ಅಂತೀನಿ. ನೀನು ನನ್ನ ತಮ್ಮ ಅಂತಾನೂ ಹೇಳ್ತೀನಿ. ಪ್ರಯೋಗಾಲಯದೋರು ಬಂದು ಮಣ್ಣು, ನೀರು ಎಲ್ಲಾ ನೋಡ್ಲಿ."

"ಅಯ್ಯೋ ಮಾರಾಯ್ತಿ! ಅವರು ಎಪ್ಪತ್ತು ಅಂದ್ಬಿಟ್ರೆ?"

"ಎಪ್ಪತ್ತೇ ಬರೀತೀನಿ."

"ಕೂತ್ಕೋ ಅಕ್ಕಾ, ಮಾತು ಮುಗಿದಿಲ್ಲ. ಹೋಗ್ಲಿ, ಒಂದು ಮೂವತ್ತಾದ್ರೂ…"

ಕರಡಕ್ಕ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು, ಮಂತ್ರಿಯ ಕೋಣೆಯ ಕಡೆಗೆ.